ಫುಟ್‌ಸ್ಟೆಪ್ ಬೇರೆ, ರಾಕ್ ಸ್ಲೈಡರ್ ಬೇರೆ

ತಡಸ ಕ್ರಾಸ್‌ನಿಂದ ಮುಂಡಗೋಡ ಕಡೆ ಹೋಗ್ತಾ, ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದಿದ್ವಿ. ಗಾಡಿ ಗೆಳೆಯನ ಕಾಕಾನ ಥಾರ್. ಫುಟ್‌ಸ್ಟೆಪ್‌ಗೆ ಕಲ್ಲು ಬಡಿದು ಅದು ಮೇಲಕ್ಕೆ ಬಾಗಿತು, ಬಾಗಿಲ ಕೆಳಗಿನ ತಗಡು ಒಳಗೆ ಹೋಯ್ತು, ಬಾಗಿಲು ತೆರೆಯಲೇ ಇಲ್ಲ. "ಇನ್ನ ಮುಂದ ಗಾಡಿ ಕೇಳಬ್ಯಾಡ್ರಿ" ಅಂದ್ರು ಕಾಕಾ. ರಾಕ್ ಸ್ಲೈಡರ್ ನಾವೇ ಹಾಕಿಸಿಕೊಡ್ತೀವಿ ಅಂತ ಒಪ್ಪಿಕೊಂಡ್ವಿ.

ಫುಟ್‌ಸ್ಟೆಪ್ ಇರೋದು ಕಾಲಿಡೋಕೆ. ಸ್ಲೈಡರ್ ಗಾಡಿಯ ಭಾರ ಹೊತ್ತು ಕಲ್ಲಿನ ಮೇಲೆ ಜಾರಬೇಕು. ಅದಕ್ಕೇ ಅದನ್ನು ಬಾಡಿಗಲ್ಲ, ಚಾಸಿಗೆ ಕೂರಿಸಬೇಕು. ಥಾರ್, ಜಿಮ್ನಿ, ಬೊಲೆರೊಗಳಿಗೆ ಲ್ಯಾಡರ್ ಚಾಸಿ ಇರೋದರಿಂದ ಇದು ಸಾಧ್ಯ.

ಪೈಪ್ ಆರಿಸುವಾಗ ದಪ್ಪ ಗೇಜ್ ಇದ್ರೆ ಸಾಕು ಅಂದ್ಕೊಂಡಿದ್ವಿ. ಲೆಕ್ಕ ಹಾಕಿದಾಗ ಬೇರೆಯೇ ಕಂಡಿತು. ಗೇಜ್ 2 ಪಟ್ಟಾದರೆ ಬಾಗದಿರುವ ಗುಣವೂ ಸುಮಾರು 2 ಪಟ್ಟು. ವ್ಯಾಸ 2 ಪಟ್ಟಾದರೆ ಸುಮಾರು 8 ಪಟ್ಟು. ತೂಕ ಎರಡರಲ್ಲೂ ದುಪ್ಪಟ್ಟೇ! ಹಾಗಂತ ಗೇಜ್ ತೀರಾ ತೆಳುವಾದರೆ ಕಲ್ಲು ಬಡಿದಲ್ಲಿ ಪೈಪ್ ಚಪ್ಪಟೆಯಾಗುತ್ತೆ. ಚಾಸಿಯಿಂದ ಹೊರಬರುವ ಕಾಲುಗಳು ನಾವು ಪರೀಕ್ಷೆಗೆ ಉರು ಹೊಡೆದ ಕ್ಯಾಂಟಿಲಿವರ್‌ಗಳೇ. ಉದ್ದ 2 ಪಟ್ಟಾದರೆ ಅದೇ ಭಾರಕ್ಕೆ ಬಾಗು 8 ಪಟ್ಟು. ಆದ್ದರಿಂದ ಕಾಲು ಗಿಡ್ಡ ಇರಲಿ.

ವೆಲ್ಡಿಂಗ್ ಮಾಡಿಸೋದಾದ್ರೆ ಚಾಸಿಯ ಮೇಲಂಚು, ಕೆಳಂಚು ಮುಟ್ಟಬೇಡಿ. ಚಾಸಿ ಬಾಗುವಾಗ ಒತ್ತಡ ಅಲ್ಲೇ ಹೆಚ್ಚು, ಬಿರುಕು ಬಿಡಬಹುದು. ಬದಿಗೆ ಪ್ಲೇಟ್ ಕೊಟ್ಟು ಬೆಸೆಯಬೇಕು, ಬ್ಯಾಟರಿ ಮೊದಲೇ ಬಿಚ್ಚಿಡಬೇಕು. ನಮಗೆ ಅಷ್ಟು ಧೈರ್ಯ ಬರಲಿಲ್ಲ. ಚಾಸಿಯಲ್ಲಿ ಮೊದಲೇ ಇದ್ದ ತೂತುಗಳಿಗೇ ಬೋಲ್ಟ್ ಹಾಕಿಸಿದ್ವಿ.

ಕೊನೆಗೆ ಸ್ಲೈಡರ್ ಕೆಳಗೆ ಜಾಕ್ ಇಟ್ಟು ಎತ್ತಿದ್ವಿ. ಆ ಬದಿಯ ಎರಡೂ ಗಾಲಿ ನೆಲ ಬಿಟ್ಟವು. ಕಾಕಾ ಬಾಗಿಲು ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದ್ರು. ಚಾವಿ ಮಾತ್ರ ಇನ್ನೂ ಕೊಟ್ಟಿಲ್ಲ.