ನಿಮಗಿದು ಗೊತ್ತೆ? ಚೆಂಡಿನ ಬದಲು ಮರದ ಬಿಲ್ಲೆ!

ಹೆಪ್ಪುಗಟ್ಟಿದ ಕೆರೆ, ಹೊಳೆಗಳ ಮೇಲೆ ಕೋಲು ಹಿಡಿದು ಆಡುವ ಆಟ ಬಹಳ ಹಳೆಯದು. ಆದರೆ ಪತ್ರಿಕೆಯಲ್ಲಿ ಮೊದಲೇ ಪ್ರಕಟಣೆ ಕೊಟ್ಟು, ಚಾವಣಿಯ ಕೆಳಗೆ ನಡೆಸಿದ ಮೊದಲ ಐಸ್ ಹಾಕಿ ಪಂದ್ಯವೆಂದು ದಾಖಲಾಗಿರುವುದು 1875ರ ಮಾರ್ಚ್ 3ರದ್ದು. ಸ್ಥಳ, ಕೆನಡಾದ ಮಾಂಟ್ರಿಯಲ್‌ನ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್. ಏರ್ಪಡಿಸಿದವರು ಹ್ಯಾಲಿಫ್ಯಾಕ್ಸ್ ಮೂಲದ ಎಂಜಿನಿಯರ್ ಜೇಮ್ಸ್ ಕ್ರೈಟನ್.

ಈಗ ಕಣದಲ್ಲಿ ತಂಡಕ್ಕೆ 6 ಮಂದಿಯಾದರೆ ಅಂದು 9 ಮಂದಿ. ಚೆಂಡು ಪುಟಿದು ಪ್ರೇಕ್ಷಕರಿಗೆ ಬಡಿದೀತೆಂದು ಚಪ್ಪಟೆಯಾದ ಮರದ ಬಿಲ್ಲೆಯನ್ನು ಬಳಸಿದರು. ಇಂದಿನ ರಬ್ಬರ್ ‘ಪಕ್’ಗೆ ಅದೇ ಹಿರಿಯಣ್ಣ! ಕ್ರೈಟನ್ ತಂಡ 2–1ರಿಂದ ಗೆದ್ದಿತು. ಪ್ರೇಕ್ಷಕರಿಗೆ ಪೆಟ್ಟಾಗದಂತೆ ಇಷ್ಟೆಲ್ಲ ಎಚ್ಚರ ವಹಿಸಿದ್ದರೂ ಕೊನೆಗೆ ಹೊಡೆದಾಟವೇ ನಡೆದು, ಬೆಂಚುಗಳು ಮುರಿದು, ಮಹಿಳೆಯರು ಗಾಬರಿಯಿಂದ ಹೊರಗೋಡಿದರೆಂದು ಆಗಿನ ಪತ್ರಿಕೆಯೊಂದು ಬರೆದಿತ್ತು.

1877ರಲ್ಲಿ ‘ಮಾಂಟ್ರಿಯಲ್ ಗೆಜೆಟ್’ ಆಟದ ನಿಯಮಗಳನ್ನು ಅಚ್ಚು ಹಾಕಿತು. ಹೆಚ್ಚಿನವು ಇಂಗ್ಲೆಂಡಿನ ಮೈದಾನದ ಹಾಕಿಯಿಂದ ಎರವಲು ತಂದವು. ಆ ಕಾಲದ ಆಟದಲ್ಲಿ ಬಿಲ್ಲೆಯನ್ನು ಮುಂದಿರುವ ಜೊತೆಗಾರನಿಗೆ ತಳ್ಳುವಂತಿರಲಿಲ್ಲ.

ಐಸ್ ಹಾಕಿಯ ಪ್ರಸಿದ್ಧ ಸ್ಟಾನ್ಲಿ ಕಪ್ಪನ್ನು 1892ರಲ್ಲಿ ಕೊಡುಗೆಯಾಗಿ ಕೊಟ್ಟವರು ಕೆನಡಾದ ಗವರ್ನರ್ ಜನರಲ್ ಲಾರ್ಡ್ ಸ್ಟಾನ್ಲಿ. ಮರುವರ್ಷ ಅವರು ಇಂಗ್ಲೆಂಡಿಗೆ ಮರಳಿದರು. ತಮ್ಮದೇ ಕಪ್ಪಿಗಾಗಿ ನಡೆದ ಒಂದು ಪಂದ್ಯವನ್ನೂ ಅವರು ನೋಡಲಿಲ್ಲ.