ಹಕ್ಕಿಯ ಹೆಸರು ಹೊತ್ತ ಜೇಡ

ತಪ್ಪು ಕಲ್ಪನೆ: ಟ್ಯಾರಂಟುಲಾ ಎಂಬ ಹೆಸರು ಮೊದಲಿನಿಂದಲೂ ಈ ರೋಮಗಾಲಿನ ದೈತ್ಯ ಜೇಡಗಳದ್ದೇ.

ವಾಸ್ತವ: ಅಲ್ಲ. ಅದು ದಕ್ಷಿಣ ಇಟಲಿಯ ಟಾರಂಟೊ ಊರಿನ ತೋಳಜೇಡಕ್ಕೆ ಬಿದ್ದ ಹೆಸರು. ಅದು ಕಚ್ಚಿದರೆ ಕುಣಿದು ಕುಣಿದೇ ವಿಷ ಇಳಿಸಬೇಕೆಂದು ಅಲ್ಲಿಯ ಜನ ನಂಬಿದ್ದರು. ಅಮೆರಿಕಕ್ಕೆ ಹೋದ ಯುರೋಪಿನವರು ಅಲ್ಲಿ ಕಂಡ ದೊಡ್ಡ ಜೇಡಗಳನ್ನೂ ಅದೇ ಹೆಸರಿನಿಂದ ಕರೆದರು. ಟಾರಂಟೊದ ಆ ಮೂಲ ಜೇಡ, ಲೈಕೋಸಾ ಟ್ಯಾರಂಟುಲಾ, ಇಂದಿಗೂ ತೋಳಜೇಡವೇ.

ತಪ್ಪು ಕಲ್ಪನೆ: ಅವಿಕುಲೇರಿಯಾ ಅವಿಕುಲೇರಿಯಾ ಎಂದರೆ ಹಕ್ಕಿ ತಿಂದೇ ಬದುಕುವ ಜೇಡ.

ವಾಸ್ತವ: ಲ್ಯಾಟಿನ್‌ನಲ್ಲಿ ಅವಿಕುಲಾ ಎಂದರೆ ಪುಟ್ಟ ಹಕ್ಕಿ, ಅಷ್ಟೇ. ಹೆಸರಿನ ಬೇರು ಒಂದು ಚಿತ್ರದಲ್ಲಿದೆ. ಚಿತ್ರಕಲಾವಿದೆ ಮರಿಯಾ ಸಿಬಿಲ್ಲಾ ಮೇರಿಯನ್ ಸುರಿನಾಮ್‌ನ ಕೀಟಗಳ ಬಗ್ಗೆ 1705ರಲ್ಲಿ ಹೊರತಂದ ಪುಸ್ತಕದಲ್ಲಿ ಪೇರಲೆ ಮರದ ಕೊಂಬೆಯ ಮೇಲೊಂದು ಜೇಡ ಹಮ್ಮಿಂಗ್‌ಬರ್ಡ್ ಹಿಡಿದು ಕೂತಿದೆ. 1758ರಲ್ಲಿ ಜೀವವಿಜ್ಞಾನಿ ಲಿನಿಯಸ್ ಹೆಸರಿಟ್ಟಾಗ ಆ ಹಕ್ಕಿ ಜೇಡಕ್ಕೆ ಅಂಟಿಕೊಂಡಿತು. ಮುಂದೆ ಕೆಲ ಪಂಡಿತರು ಮೇರಿಯನ್ ಕಟ್ಟುಕಥೆ ಬರೆದಳೆಂದು ನಕ್ಕರು. ಆದರೆ ನಿಸರ್ಗತಜ್ಞ ಹೆನ್ರಿ ಬೇಟ್ಸ್ ಅಮೆಜಾನ್‌ನಲ್ಲಿ ಜೇಡದ ಬಾಯಿಗೆ ಸಿಕ್ಕ ಹಕ್ಕಿಗಳನ್ನು ಕಣ್ಣಾರೆ ಕಂಡ. ಹಾಗಾಗಿ ಆಕೆ ಬರೆದದ್ದು ಸುಳ್ಳಲ್ಲ, ಅಪರೂಪದ ಊಟ. ದಿನದ ಊಟ ಕೀಟಗಳೇ.

ತಪ್ಪು ಕಲ್ಪನೆ: ವೈಜ್ಞಾನಿಕ ಹೆಸರೆಂದರೆ ಬರೀ ಒಣ ಲ್ಯಾಟಿನ್.

ವಾಸ್ತವ: ರಾಮೇಶ್ವರದ ಹನುಮವಿಲಾಸಂ ದೇವಾಲಯದ ನೆನಪಿಗೆ 2004ರಲ್ಲಿ ಒಂದು ಜೇಡಕ್ಕೆ ಪೊಸಿಲೋಥೀರಿಯಾ ಹನುಮವಿಲಾಸುಮಿಕಾ ಎಂದು ಹೆಸರಾಯಿತು. ಗ್ರೀಕ್ ಮೂಲದ ಮೊದಲ ಪದಕ್ಕೆ ಚಿತ್ರವಿಚಿತ್ರ ಬಣ್ಣದ ಮೃಗ ಎಂದರ್ಥ. ಎರಡನೆಯದರಲ್ಲಿ ನಮ್ಮ ಹನುಮ! ಕ್ಯಾಲಿಫೋರ್ನಿಯಾದ ಫೋಲ್ಸಮ್ ಜೈಲಿನ ಹತ್ತಿರ ಸಿಕ್ಕ ಕಪ್ಪು ಜೇಡ 2016ರಲ್ಲಿ ಗಾಯಕ ಜಾನಿ ಕ್ಯಾಶ್ ಹೆಸರಲ್ಲಿ ಜಾನಿಕ್ಯಾಶಿ ಆಯಿತು. ಕಪ್ಪು ಉಡುಪು ಅವನ ಗುರುತು, ಆ ಜೈಲಿನ ಮೇಲೆ ಅವನದೊಂದು ಹಾಡೇ ಇದೆ.

ತಪ್ಪು ಕಲ್ಪನೆ: ವೈಜ್ಞಾನಿಕ ಹೆಸರಿನ ನಂತರ ಬೇರೆಯಾಗಿ ಬರೆದ ವ್ಯಕ್ತಿಯ ಗೌರವಾರ್ಥ ಜೇಡಕ್ಕೆ ಹೆಸರಿಟ್ಟಿರುತ್ತಾರೆ.

ವಾಸ್ತವ: ಅವನು ಆ ಜೇಡವನ್ನು ಮೊದಲು ವರ್ಣಿಸಿದವನು. ಅವನ ಹೆಸರು ಕಂಸದೊಳಗಿದ್ದರೆ ಆ ಜೇಡ ಆಮೇಲೆ ಬೇರೆ ಕುಲಕ್ಕೆ ವರ್ಗವಾಗಿದೆ ಎಂದರ್ಥ.

ತಪ್ಪು ಕಲ್ಪನೆ: ಊರಿನ ಹೆಸರಿದ್ದರೆ ಅದೇ ಅದರ ನೆಲೆ.

ವಾಸ್ತವ: ನೀಲಿ ಹೊಳಪಿನ ಪೊಸಿಲೋಥೀರಿಯಾ ಮೆಟಾಲಿಕಾ, ಅಂದರೆ ಲೋಹದಂಥದು, ಸಾಕುವವರ ಬಾಯಲ್ಲಿ ಗುತ್ತಿಯ ಜೇಡ. ಪ್ರಾಣಿಶಾಸ್ತ್ರಜ್ಞ ಪೊಕಾಕ್ 1899ರಲ್ಲಿ ವರ್ಣಿಸಿದ ಮಾದರಿ ಸಿಕ್ಕಿದ್ದು ನಮ್ಮ ಬಳ್ಳಾರಿಯ ಆಚೆಗಿರುವ ಗುತ್ತಿಯಲ್ಲಿ, ರೈಲ್ವೆಯ ಮರದ ದಿಮ್ಮಿಗಳ ಅಂಗಳದಲ್ಲಿ. ದಿಮ್ಮಿಯ ಜೊತೆ ರೈಲು ಹತ್ತಿ ಬಂದಿರಬೇಕು. ಅದರ ನಿಜವಾದ ಮನೆ ಸುಮಾರು 100 ಕಿ.ಮೀ. ದೂರದ ನಂದ್ಯಾಲ–ಗಿದ್ದಲೂರು ನಡುವಿನ ಕಾಡು. ತೀವ್ರ ಅಳಿವಿನಂಚಿನಲ್ಲಿರುವ ಅದನ್ನು ಗುತ್ತಿಯಲ್ಲಿ ಹುಡುಕಿದರೆ ಸಿಗದು.