ಚಿತ್ರದ ಗಂಟೆಯಲ್ಲಿ ಮೂಲೆಗೆ ಕುಳಿತ ಮಗು

ಸೊರಬದ ಸೀಮೆಯು ಕಲೆಗೆ ಬಡವಾದುದಲ್ಲ. ಇಲ್ಲಿಯ ಗುಡಿಗಾರರ ಗಂಧದ ಕೆತ್ತನೆಯು ನಾಡಿನಲ್ಲೆಲ್ಲ ಹೆಸರಾಗಿದೆ. ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳುಪಿನಿಂದ ಬರೆಯುವ ಹಸೆ ಚಿತ್ತಾರವೂ, ಭೂಮಿಹುಣ್ಣಿಮೆಗೆ ಸಿಂಗರಿಸುವ ಬುಟ್ಟಿಯೂ ಈ ನೆಲದ ಸೊತ್ತುಗಳು. ಇಂಥ ಸೀಮೆಯ ಪಾಠಶಾಲೆಯಲ್ಲಿ ಚಿತ್ರದ ಗಂಟೆಯಾದೊಡನೆ ಒಂದು ಮಗುವು ಮಾತ್ರ ಕೈಕಟ್ಟಿ ಮೂಲೆಯಲ್ಲಿ ಕುಳಿತಿರಬೇಕಾದರೆ, ಅದು ಗೃಹಸ್ಥರೆಲ್ಲರೂ ಯೋಚಿಸತಕ್ಕ ವಿಷಯವಾಗಿದೆ.

ನಮ್ಮ ಬಂಧುಗಳ ಮನೆಯ ಬಾಲಿಕೆಯೊಬ್ಬಳಿಗೆ ಹುಟ್ಟಿನಿಂದ ಬಲಗೈ ಸ್ವಾಧೀನದಲ್ಲಿಲ್ಲ. ಒಂದು ದಿನ ಅವಳು ಶಾಲೆಯಿಂದ ಅಂದವಾದ ನವಿಲಿನ ಚಿತ್ರವನ್ನು ತಂದಳು. ನಾವೆಲ್ಲರೂ ಹೊಗಳಿದೆವು. ಹೊಗಳಿದಷ್ಟೂ ಅವಳ ಮುಖ ಬಾಡಿತು. ಕಡೆಗೆ, “ಇದು ನಾನು ಬರೆದದ್ದಲ್ಲ, ಅಕ್ಕೋರು ಬರೆದುಕೊಟ್ಟದ್ದು” ಎಂದು ಅತ್ತಳು. ಆ ಉಪಾಧ್ಯಾಯಿನಿಯವರ ಮನಸ್ಸು ಒಳ್ಳೆಯದೇ. ಕನಿಕರದಿಂದಲೇ ಹಾಗೆ ಮಾಡಿದ್ದರು. ಆದರೆ ಆ ಕನಿಕರವೇ ಮಗುವಿನ ಚಿತ್ರವನ್ನು ಕಸಿದುಕೊಂಡಿತ್ತು.

ಸಂಗೀತದಲ್ಲಿ ನಾವು ಹೀಗೆ ಅಳುಕುವುದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, 2010ರಲ್ಲಿ ದೈವಾಧೀನರಾದ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರಾಗಿಯೇ ಎಷ್ಟೋ ಅಂಧ ಮಕ್ಕಳನ್ನು ವಿದ್ವಾಂಸರನ್ನಾಗಿ ಮಾಡಿದರು. ಚಿತ್ರಕ್ಕೆ ಮಾತ್ರ ಕಣ್ಣೂ ಕೈಯೂ ನೆಟ್ಟಗಿರಬೇಕೆಂಬುದು ನಮ್ಮ ಭ್ರಮೆ. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿಯವರು 1950ರ ದಶಕದಲ್ಲಿ ದೃಷ್ಟಿಯನ್ನು ಪೂರ್ಣವಾಗಿ ಕಳೆದುಕೊಂಡ ಮೇಲೆಯೂ ಕಾಗದವನ್ನು ಕತ್ತರಿಸಿ ಚಿತ್ರ ರಚಿಸಿದರು. 1972ರಲ್ಲಿ ಅಲ್ಲಿಯ ಕಲಾಭವನದ ಗೋಡೆಗೆ ಹೆಂಚುಬಿಲ್ಲೆಗಳ ಭಿತ್ತಿಚಿತ್ರವನ್ನು ಮಾಡಿದರು.

ಹಾಗಾದರೆ ಮಾಡತಕ್ಕದ್ದೇನು? ಖರ್ಚಿನ ಸಲಕರಣೆ ಬೇಕಿಲ್ಲ. ಹಿಡಿತ ಸಾಲದ ಕೈಗೆ ಬಳಪದ ಸುತ್ತ ಬಟ್ಟೆಯ ಪಟ್ಟಿಯನ್ನು ಸುತ್ತಿ ದಪ್ಪಮಾಡಿ ಕೊಡಬೇಕು. ಕಾಗದವು ಸರಿಯದಂತೆ ನಾಲ್ಕು ಮೂಲೆಗಳನ್ನೂ ಹಲಗೆಗೆ ಅಂಟಿಸಬೇಕು. ಕಾಣದ ಮಗುವಿಗೆ ದಾರವನ್ನು ಅಂಟಿನಿಂದ ಕಾಗದಕ್ಕೆ ಕೂಡಿಸಿ ಗೆರೆಮಾಡಿದರೆ, ಬೆರಳು ಅದನ್ನು ಓದುತ್ತದೆ. ಜೇಡಿಮಣ್ಣು ಅದಕ್ಕಿಂತಲೂ ಉತ್ತಮ. ಕೆತ್ತನೆಯ ಚೆಲುವನ್ನು ಬೆರಳೂ ಬಲ್ಲದಷ್ಟೆ! ಕಿವಿ ಕೇಳದ ಮಗುವಿನ ಎದುರಿಗೆ ನಿಂತು, ಮೊದಲು ಮಾಡಿ ತೋರಿಸಿ, ಬಳಿಕ ಮಾಡಿಸಬೇಕು. ಹಲಗೆಯ ಕಡೆಗೆ ಮುಖಮಾಡಿ ಮಾತನಾಡಿದರೆ ಅದಕ್ಕೆ ಏನೂ ತಿಳಿಯದು. ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವಿಗೆ ಒಂದು ಸಲಕ್ಕೆ ಒಂದೇ ಕೆಲಸವನ್ನು ಹೇಳಿ, ಸಾಕಷ್ಟು ವೇಳೆ ಕೊಡಬೇಕು. ಕೆಲವು ಮಕ್ಕಳಿಗೆ ಒದ್ದೆ ಮಣ್ಣಿನ ಸ್ಪರ್ಶವೇ ಸಹಿಸದು. ಅವರನ್ನು ಬಲಾತ್ಕರಿಸಬಾರದು, ಬೇರೆ ಸಾಮಗ್ರಿಯನ್ನು ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಹಾಯವು ಸಾಮಗ್ರಿಗೆ ಇರಲಿ. ಗೆರೆಯು ಮಗುವಿನದೇ ಆಗಿರಲಿ.

ಇದು ದಾನದ ಮಾತಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಸರ್ಕಾರದ ಮತ್ತು ಅದರ ನೆರವು ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಅವರವರ ಅಗತ್ಯಕ್ಕೆ ತಕ್ಕ ಅನುಕೂಲವನ್ನು ಒದಗಿಸಬೇಕೆಂದು ವಿಧಿಸಿದೆ. ನ್ಯೂನತೆಯು ಶೇಕಡಾ 40ಕ್ಕೆ ಕಡಿಮೆಯಿಲ್ಲದ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ತಂದೆತಾಯಿಗಳು ಇದನ್ನು ಸಂಕೋಚವಿಲ್ಲದೆ, ಜಗಳವೂ ಇಲ್ಲದೆ, ಉಪಾಧ್ಯಾಯರೊಡನೆ ಕುಳಿತು ಮಾತನಾಡಬೇಕು. ಮನೆಯಲ್ಲಿ ಮಗುವು ಯಾವುದನ್ನು ಹೇಗೆ ಹಿಡಿಯುತ್ತದೆಂಬುದನ್ನು ಅವರಿಗೆ ತಿಳಿಸಬೇಕು.

ಮುಂದಿನ ಭೂಮಿಹುಣ್ಣಿಮೆಗೆ ಆ ಬಾಲಿಕೆಯ ಅಜ್ಜಿಯು ಪುಂಡಿನಾರಿನ ಕುಂಚಕ್ಕೆ ಬಟ್ಟೆ ಸುತ್ತಿ ಅವಳ ಎಡಗೈಗೆ ಕೊಟ್ಟರು. ಬುಟ್ಟಿಯ ಮೇಲೆ ಮೂರು ಗೆರೆಗಳು ಮೂಡಿದವು, ಮೂರೂ ಸೊಟ್ಟ. ಅಜ್ಜಿ ತಿದ್ದಲಿಲ್ಲ. ಆ ಬುಟ್ಟಿಯೇ ಮನೆಯವರ ತಲೆಯ ಮೇಲೆ ಗದ್ದೆಗೆ ಹೋಯಿತು. ನವಿಲಿನ ಚಿತ್ರವು ಎಲ್ಲಿ ಹೋಯಿತೋ ತಿಳಿಯದು. ಬುಟ್ಟಿಯು ಮಾತ್ರ ಇಂದಿಗೂ ಅವರ ಅಟ್ಟದ ಮೇಲಿದೆ.